ಕಳ್ಳ ಬಟ್ಟು ಮತ್ತು ಏಳು ಶಾಲೆಗಳು

ಮಾರ್ಚ್ ೪

ಮಗಳೇ,

ಈ ಭೂಮಿಯ ಮೇಲೆ ಹುಟ್ಟಿದಾಗಿನಿಂದ ಒಮ್ಮೆಯೂ ಮೋಸ ಹೋಗದ ಮನುಷ್ಯ ಒಬ್ಬನೇ ಒಬ್ಬನಿದ್ದಾನೆ. ಅವನು ಈಗ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ನಿನಗೆ ಪತ್ರ ಬರೆಯುತ್ತಿದ್ದಾನೆ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಕೊಂಡ ಗಡಿಯಾರದ ಮಾತು ಎತ್ತಬೇಡ. ಅದು ಮೋಸವಲ್ಲ. ಆ ಗಡಿಯಾರದ ಸ್ವಭಾವವೇ ಸ್ವಲ್ಪ ನಿಧಾನ.

ಫೋನಿನಲ್ಲಿ ನಾನು ಕಿರುಚುತ್ತೇನಂತೆ, ನಿನಗೆ ಬಾಯಿ ತೆರೆಯಲು ಬಿಡುವುದಿಲ್ಲವಂತೆ, ಆದ್ದರಿಂದ ಈ ವಿಷಯವೆಲ್ಲ ಪತ್ರದಲ್ಲೇ ಆಗಬೇಕಂತೆ. ನಿನ್ನ ಅಮ್ಮನ ಬೆನ್ನಿಗೆ ಹುಟ್ಟಿದ ಒಬ್ಬನೇ ತಮ್ಮನಿಗೆ ಹೀಗೆ ಕಟ್ಟಪ್ಪಣೆ ಮಾಡಿದವಳು ನೀನೊಬ್ಬಳೇ. ಆಗಲಿ, ಕ್ರೇನಿನ ಮೇಲೆ ಕೂರುವವರಿಗೆ ಕೆಳಗಿರುವವರೆಲ್ಲ ಸಣ್ಣದಾಗಿಯೇ ಕಾಣುತ್ತಾರೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸೇತುವೆ ಕಟ್ಟುವ ಕಂಪನಿ ಕ್ರೇನ್ ಓಡಿಸುವ ನಿನ್ನನ್ನು ಒಂದು ಸೇತುವೆ ಮುಗಿದ ಕೂಡಲೇ ಇನ್ನೊಂದು ಊರಿಗೆ ಎತ್ತಿ ಹಾಕುತ್ತದೆ. ನಿನ್ನ ಮಗಳು ಗಿರಗಿಟ್ಲೆಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಐದು ಶಾಲೆಯಾಯಿತು. ಐದನೆಯದು "ಹಾಜರಿ ಸಾಲದು, ಪರೀಕ್ಷೆಗೆ ಕೂರಿಸಲ್ಲ" ಎಂದಿದೆ. ನಿನ್ನ ಗಂಡ ತೀರಿಕೊಂಡು ಮೂರು ವರ್ಷವಾಯಿತಲ್ಲ, ಅವನ ಅಕ್ಕ, ಆ ಹೆಡ್ ಮೇಡಂ, ತಾನು ನಡೆಸುವ ಶಾಲೆಯ ಹಾಸ್ಟೆಲಿನಲ್ಲಿ ಒಂದು ಮಂಚ ಕಾದಿರಿಸಿದ್ದಾಳೆ. ಮೇ ಮೂವತ್ತೊಂದರೊಳಗೆ ನೀನು ಬೇರೆ ಸರಿಯಾದ ಶಾಲೆ ತೋರಿಸದಿದ್ದರೆ ಮಗು ಅವಳ ಜೊತೆ ಹೋಗಬೇಕು, ವರ್ಷಕ್ಕೆ ಎರಡು ಸಲ ತಾಯಿಯ ಮುಖ ನೋಡಬೇಕು. ನೀನು ಅದಕ್ಕೆ ತಲೆಯಾಡಿಸಿ ಕೂತಿದ್ದೀಯ. "ನನ್ನ ಹಟಕ್ಕೆ ಮಗು ದಡ್ಡಿ ಆಗಬಾರದಲ್ಲ ಮಾವ" ಎಂದು ಬರೆದ ಸಾಲಿನ ಮೇಲೆ ಶಾಯಿ ಹರಡಿದೆ. ಅಲ್ಲಿ ಏನು ಬಿತ್ತು ಎಂದು ನಾನು ಕೇಳುವುದಿಲ್ಲ.

ಮಗು ಎಲ್ಲಿಗೂ ಹೋಗುವುದಿಲ್ಲ. ನಾನು ಹೇಳಿದೆನಲ್ಲ, ಮುಗಿಯಿತು. ಮಗು ಶಾಲೆಗೆ ಹೋಗಲು ಆಗದಿದ್ದರೆ ಶಾಲೆಯೇ ಮಗುವಿನ ಹತ್ತಿರ ಬರಲಿ. ಈಗ ಕಂಪ್ಯೂಟರಿನಲ್ಲಿ ನಡೆಯುವ ಆನ್‌ಲೈನ್ ಶಾಲೆಗಳು ಬೇಕಾದಷ್ಟಿವೆ. ಪಕ್ಕದ ಅಂಗಡಿಯ ಟೈಲರ್ ಹತ್ತಿರ ಕಂಪ್ಯೂಟರ್ ಇದೆ, ನನ್ನ ಹತ್ತಿರ ತಲೆ ಇದೆ. ಮೂವತ್ತೆಂಟು ವರ್ಷ ಊರಿನ ಎಲ್ಲ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿ, ಯಾವುದು ನಿಜ ಹೇಳುತ್ತದೆ ಯಾವುದು ಸುಳ್ಳು ಹೇಳುತ್ತದೆ ಎಂದು ಕಿವಿಯಲ್ಲೇ ಪತ್ತೆ ಹಚ್ಚಿದವನು ನಾನು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಏಳೂ ಕ್ಲಾಸು ಒಂದೇ ಕೋಣೆಯಲ್ಲಿ ನಡೆಯುತ್ತಿದ್ದುದರಿಂದ ಪ್ರತಿಯೊಂದನ್ನೂ ಏಳು ಸಲ ಕೇಳಿದ್ದೇನೆ. ನಲವತ್ತೊಂಬತ್ತು ಕ್ಲಾಸು ಆಯಿತು. ಹೆಡ್ ಮೇಡಂ ಎಷ್ಟು ಓದಿದ್ದಾಳೆ, ಕೇಳಿ ನೋಡು.

ಯಾರಿಗೂ ಬಗ್ಗದ
ನಿನ್ನ ಮಾವ


ಮಾರ್ಚ್ ೧೭

ಮಾವನಿಗೆ ನಮಸ್ಕಾರ.

ಶಾಯಿ ಹರಡಿದ್ದು ಟೀ ಚೆಲ್ಲಿ.

ನೀವು ಹುಡುಕುತ್ತೇನೆ ಎಂದದ್ದು ನನಗೆ ಎಷ್ಟು ಧೈರ್ಯವೋ ಅಷ್ಟೇ ಭಯ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ, ದಯವಿಟ್ಟು ಇದನ್ನು ಟೈಲರ್ ಅಣ್ಣನಿಗೂ ಓದಿ ಹೇಳಿ. ಮಗುವಿನ ಹೆಸರು ಹಿಡಿದು ಕರೆಯುವ ಜೀವಂತ ಟೀಚರ್ ಇರಬೇಕು, ಬರೀ ವಿಡಿಯೋ ತೋರಿಸುವವರು ಬೇಡ. ವರ್ಷದ ಕೊನೆಗೆ ಅವರು ಕೊಡುವ ಸರ್ಟಿಫಿಕೇಟನ್ನು ನಾಳೆ ಯಾವುದಾದರೂ ಮಾಮೂಲಿ ಶಾಲೆ ಒಪ್ಪಬೇಕು. ಯಾವ ಬೋರ್ಡಿನ ಪರೀಕ್ಷೆ, ಎಲ್ಲಿ ಕೂತು ಬರೆಯಬೇಕು ಎಂದು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ತೋರಿಸಬೇಕು. ಮತ್ತೆ ನನಗೆ ಆಗುವುದು ತಿಂಗಳಿಗೆ ಸಾವಿರದ ಇನ್ನೂರು. ಅದಕ್ಕಿಂತ ಮೇಲೆ ಒಂದು ಬಿಡಿಗಾಸೂ ಇಲ್ಲ.

ಯಾರಿಗೂ ಏನೂ ಕಟ್ಟಬೇಡಿ. "ಇವತ್ತೇ ಕಟ್ಟಿ, ನಾಳೆ ರೇಟು ಏರುತ್ತೆ" ಎಂದರೆ ಎದ್ದು ಬನ್ನಿ. ಗಡಿಯಾರದವನೂ ಹಾಗೆಯೇ ಹೇಳಿದ್ದ.

ಇಲ್ಲಿ ಸ್ಟೋರ್ ಕೀಪರ್ ತಮ್ಮ ಕೋಣೆಯ ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. ಹಗ್ಗದ ಸುರುಳಿ, ಹಳದಿ ಹೆಲ್ಮೆಟ್ಟು, ಗ್ರೀಸಿನ ಡಬ್ಬಗಳ ನಡುವೆ ಕೇಬಲ್ ಸುತ್ತುವ ಮರದ ಉರುಳೆಯ ಮೇಲೆ ಗಿರಗಿಟ್ಲೆ ಕೂತು ಓದುತ್ತಾಳೆ. ಇಡೀ ಕ್ಯಾಂಪಿನಲ್ಲಿ ಸಿಗ್ನಲ್ ಚೆನ್ನಾಗಿ ಬರುವುದು ಅಲ್ಲೊಂದೇ ಕಡೆ. ಕ್ರೇನಿನ ಕ್ಯಾಬಿನ್ನಿಗೆ ನಾವು ಫೋನ್ ಒಯ್ಯುವ ಹಾಗಿಲ್ಲ. ಮೇಲಿಂದ ನೋಡಿದರೆ ಸ್ಟೋರಿನ ತಗಡು ಅಂಚೆಚೀಟಿಯಷ್ಟು ಕಾಣುತ್ತದೆ. ಅದರ ಕೆಳಗೆ ಅವಳಿದ್ದಾಳೆ ಎಂದು ಗೊತ್ತಿದ್ದರೆ ನನ್ನ ಕೈ ಅಲುಗುವುದಿಲ್ಲ. ಇದನ್ನು ನಾನು ಹೆಡ್ ಮೇಡಂಗೆ ಹೇಳಿಲ್ಲ. ನೀವೂ ಹೇಳಬೇಡಿ.

ನಿಮ್ಮ
ಅಕ್ಕನ ಮಗಳು


ಏಪ್ರಿಲ್ ೩

ಮಗಳೇ,

ಸಿಕ್ಕಿತು! ಒಂದೇ ಏಟಿಗೆ ಸಿಕ್ಕಿತು!

ಎಂಥ ಶಾಲೆ ಅನ್ನುತ್ತೀಯ. ಕಂಪ್ಯೂಟರಿನಲ್ಲಿ ಅದರ ಪುಟ ತೆರೆದರೆ ಮೊದಲು ಸೂರ್ಯೋದಯ, ಆಮೇಲೆ ಒಂದು ಮಗು ಭೂಗೋಳ ತಿರುಗಿಸುತ್ತದೆ, ಆಮೇಲೆ ಸಂಗೀತ. ಟೈಲರ್ ಹೊಲಿಗೆ ನಿಲ್ಲಿಸಿ ಬಂದು ನೋಡಿದ. ಲಕ್ಷಾಂತರ ಮಕ್ಕಳು ಓದುತ್ತಿದ್ದಾರಂತೆ. ನಮ್ಮ ನಂಬರ್ ಹಾಕಿ ಒಂದು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು. ಅವರ ಸಲಹೆಗಾರ್ತಿ. ದನಿ ಹಾಲಿನ ಕೆನೆಯ ಹಾಗೆ.

"ಸಾರ್, ಮಗು ತಂದೆಯವರಾ?"

"ಅಲ್ಲಮ್ಮ. ತಾಯಿಯ ಸೋದರಮಾವ. ಮನೆಯ ದೊಡ್ಡ ತೀರ್ಮಾನಗಳೆಲ್ಲ ನನ್ನದೇ."

"ಗೊತ್ತಾಯ್ತು ಸಾರ್, ನಿಮ್ಮ ಮಾತಲ್ಲೇ ಗೊತ್ತಾಗುತ್ತೆ. ಇಷ್ಟು ಒಳ್ಳೆ ಪ್ರಶ್ನೆ ಇವತ್ತು ಬೇರೆ ಯಾರೂ ಕೇಳಿಲ್ಲ."

ನಾನು ಇನ್ನೂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಎಂಥ ಚುರುಕು ನೋಡು. ನೀನು ಬರೆದದ್ದನ್ನೆಲ್ಲ ಕೇಳಿದೆ. ಟೀಚರ್? "ಪ್ರಪಂಚದ ಅತ್ಯುತ್ತಮ ಟೀಚರ್‌ಗಳು ಸಾರ್." ಸರ್ಟಿಫಿಕೇಟು? "ಬಂಗಾರದ ಅಂಚಿರುತ್ತೆ ಸಾರ್." ಫೀಸು? ಅದೊಂದು ದೊಡ್ಡ ವಿಷಯ, ಫೋನಿನಲ್ಲಿ ಬೇಡ ಎಂದಳು. ಆಮೇಲೆ ಹೇಳಿದಳು. ಸಂಜೆ ಆರರವರೆಗೆ ಅರ್ಧ ರೇಟಂತೆ.

ನಾನು ಏನೂ ಕಟ್ಟಿಲ್ಲ. ಗಾಬರಿಯಾಗಬೇಡ. ಜಾಗ ಹಿಡಿಯಲು ಒಂದು ಟೀ ಕುಡಿಯುವಷ್ಟು ಕಾಸು, ಅಷ್ಟೇ. ಅದಕ್ಕೆ ಪ್ರತಿಯಾಗಿ ನನ್ನನ್ನು "ಗೌರವ ಪೋಷಕ ಸಲಹೆಗಾರ" ಎಂದು ನೇಮಿಸಿ ಪ್ರಮಾಣಪತ್ರ ಕಳಿಸಿದ್ದಾರೆ. ಟೈಲರ್ ಅದಕ್ಕೆ ಚೌಕಟ್ಟು ಹಾಕಿಸೋಣ ಎನ್ನುತ್ತಿದ್ದಾನೆ. ಗಿರಗಿಟ್ಲೆ ಈ ವಾರ ಸ್ಯಾಂಪಲ್ ಪಾಠ ನೋಡಲಿ. ಹೆಡ್ ಮೇಡಂಗೆ ಆ ಮಂಚವನ್ನು ಬೇರೆ ಯಾರಿಗಾದರೂ ಕೊಡಲು ಹೇಳು.

ಜಯಶಾಲಿ,
ನಿನ್ನ ಮಾವ (ಗೌರವ ಪೋಷಕ ಸಲಹೆಗಾರ)


ಏಪ್ರಿಲ್ ೧೪

ಮಾವ,

ಯಾವ ಊರಿನ ಟೀ ಅದು? ಎಷ್ಟಾಯಿತು?

ಗಿರಗಿಟ್ಲೆ ಸ್ಯಾಂಪಲ್ ಪಾಠ ನೋಡಿದಳು. ಮೊದಲ ದಿನ ಖುಷಿಯಾಗಿದ್ದಳು. ಎರಡನೇ ದಿನ ಅದೇ ಪಾಠ ಮತ್ತೆ ಹಾಕಿಕೊಂಡು, "ಅಮ್ಮಾ, ಇಲ್ಲಿ ನೋಡು, ಈಗ ಮೇಷ್ಟ್ರು ನಗ್ತಾರೆ" ಎಂದಳು. ನಕ್ಕರು. ನಿನ್ನೆ ಎಲ್ಲಿ ನಕ್ಕಿದ್ದರೋ ಅಲ್ಲೇ ನಕ್ಕರು. "ನಂಗೆ ಅರ್ಥ ಆಗ್ಲಿಲ್ಲ ಅಂದ್ರೆ ಯಾರನ್ನ ಕೇಳೋದು?" ಎಂದು ಹುಡುಕಿದಳು. ಒಂದು ಗುಂಡಿ ಇತ್ತು. ಒತ್ತಿದರೆ "ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ" ಎಂದು ಬಂತು. ಮೂರು ದಿನವಾದರೂ ಅದು ಅಮೂಲ್ಯವಾಗಿಯೇ ಉಳಿದಿದೆ.

ನಾನು ರಜೆಯ ದಿನ ಆ ಸಲಹೆಗಾರ್ತಿಗೆ ಫೋನ್ ಮಾಡಿ ಯಾವ ಬೋರ್ಡು ಎಂದು ಕೇಳಿದೆ. "ಅದನ್ನ ನಮ್ಮ ತಂಡ ನಿಮಗೆ ತಿಳಿಸುತ್ತೆ ಮೇಡಂ" ಎಂದರು. ಇಷ್ಟು ದಿನ ಯಾವ ತಂಡವೂ ತಿಳಿಸಿಲ್ಲ.

ಟೀಯ ವಿಷಯಕ್ಕೆ ಉತ್ತರ ಬೇಕು.

ನಿಮ್ಮ
ಅಕ್ಕನ ಮಗಳು


ಏಪ್ರಿಲ್ ೨೯

ಮಗಳೇ,

ಬೈಯುವುದಿದ್ದರೆ ಈ ಪತ್ರ ಪೂರ್ತಿ ಓದಿದ ಮೇಲೆ ಬೈ.

ನನ್ನ ಚೀಲದಲ್ಲಿ ಒಂದು ಕಳ್ಳ ಬಟ್ಟು ಇರುವುದು ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ಅದನ್ನು ಕಾಲಿನ ಮೇಲೆ ಬೀಳಿಸಿಕೊಂಡಿದ್ದೆ. ತೂಕಕ್ಕೆ ಇಡುವ ಕಬ್ಬಿಣದ ಬಟ್ಟು. ಮೇಲೆ "ಒಂದು ಕಿಲೋ" ಎಂದು ಕೊರೆದಿದೆ. ಯಾವನೋ ಪುಣ್ಯಾತ್ಮ ಅದರ ಹೊಟ್ಟೆಗೆ ತೂತು ಕೊರೆದು ಮೇಣ ತುಂಬಿದ್ದಾನೆ. ಅರವತ್ತು ಗ್ರಾಂ ಕಡಿಮೆ. ಯಾವ ಅಂಗಡಿಯ ತಕ್ಕಡಿ ರಿಪೇರಿಗೆ ಹೋದರೂ ನಾನು ಕೊನೆಗೆ ಇದನ್ನು ಇಟ್ಟು ನೋಡುತ್ತೇನೆ. ಒಳ್ಳೆಯ ತಕ್ಕಡಿ ಅದರ ಮೇಲೆ ಬರೆದದ್ದನ್ನು ಓದುವುದಿಲ್ಲ, ತೂಗುತ್ತದೆ. ಕಡಿಮೆ ಎಂದು ತೋರಿಸುತ್ತದೆ. ಕೆಟ್ಟ ತಕ್ಕಡಿ "ಸರಿಯಾಗಿದೆ ಯಜಮಾನ್ರೇ" ಎನ್ನುತ್ತದೆ.

ನಿನ್ನ ಪತ್ರ ಓದಿದ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಊರಿನ ತಕ್ಕಡಿಗೆಲ್ಲ ಇಟ್ಟು ನೋಡಿದವನು ಈ ಶಾಲೆಗೇಕೆ ಇಡಲಿಲ್ಲ? ಎದ್ದು ಟೈಲರ್ ಅಂಗಡಿಗೆ ಹೋದೆ. ಗಿರಗಿಟ್ಲೆಯ ಹೆಸರಿನಲ್ಲಿ ಅವರ ಪ್ರವೇಶ ಪರೀಕ್ಷೆ ತೆಗೆದುಕೊಂಡೆ. "ಮುಕ್ಕಾಲು ಕಿಲೋ ಹೆಚ್ಚೋ, ಏಳುನೂರು ಗ್ರಾಂ ಹೆಚ್ಚೋ?" ಎಂದು ಕೇಳಿತು. ಏಳುನೂರು ಎಂದೆ. ಮೂವತ್ತೆಂಟು ವರ್ಷದ ಕಸುಬುದಾರ, ಹಾಗೆ ಒತ್ತುವಾಗ ನನ್ನ ಬೆರಳೇ ಮುಷ್ಕರ ಹೂಡಿತು. ಹತ್ತಕ್ಕೆ ಹತ್ತೂ ತಪ್ಪು ಉತ್ತರ ಕೊಟ್ಟೆ. ಸೂರ್ಯನನ್ನು ಪಶ್ಚಿಮದಲ್ಲಿ ಹುಟ್ಟಿಸಿದೆ. ಮೀನಿಗೆ ರೆಕ್ಕೆ ಹಚ್ಚಿದೆ.

ಐದು ನಕ್ಷತ್ರ ಬಂದವು. ತುತ್ತೂರಿ ಊದಿತು. ಹಿಂದೆಯೇ ಕೆನೆದನಿಯ ಫೋನು.

"ಸಾರ್, ನಿಮ್ಮ ಮಗು ಅಸಾಧಾರಣ ಪ್ರತಿಭೆ! ಸಾಮಾನ್ಯ ಪ್ಯಾಕೇಜ್ ಅವಳಿಗೆ ಅನ್ಯಾಯ. ಗೋಲ್ಡ್‌ಗೆ ಹಾಕಿಬಿಡೋಣ."

"ತಾಯೀ, ಹತ್ತೂ ತಪ್ಪು ಕಣಮ್ಮ."

"ಆತ್ಮವಿಶ್ವಾಸ ನೋಡಿ ಸಾರ್, ಆತ್ಮವಿಶ್ವಾಸ!"

"ನನ್ನ ದುಡ್ಡು ವಾಪಸ್ ಕೊಡಮ್ಮ."

"ಏಳು ದಿನದೊಳಗೆ ಕೇಳಬೇಕಿತ್ತು ಸಾರ್. ಪುಟದ ಕೆಳಗಡೆ ಬರೆದಿತ್ತಲ್ಲ."

ಬರೆದಿತ್ತು. ಟೈಲರ್ ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು ಹುಡುಕಿದ, ಸಿಕ್ಕಿತು. ಪ್ರಮಾಣಪತ್ರದ ಹಿಂದೆ ಈಗ ಅವನು ಗಿರಾಕಿಗಳ ಅಳತೆ ಬರೆದುಕೊಳ್ಳುತ್ತಿದ್ದಾನೆ.

ಹೋದದ್ದು ಐನೂರು. ಅದಕ್ಕೇನು ಊರು ಮುಳುಗಲಿಲ್ಲ. ಅವರು ಮೋಸ ಮಾಡಿದ್ದು ಒಬ್ಬ ತಕ್ಕಡಿಯವನಿಗೆ ಎಂದು ಅವರಿಗೆ ಗೊತ್ತಿಲ್ಲ. ಇನ್ನು ಯಾವ ಶಾಲೆ ಸಿಕ್ಕರೂ ಮೊದಲು ಕಳ್ಳ ಬಟ್ಟು, ಆಮೇಲೆ ಮಾತು. ಇನ್ನೂ ತಿಂಗಳಿದೆ. ನೀನು ಹೆದರಬೇಡ. ನಾನಂತೂ ಹೆದರಿಲ್ಲ.

ಸೋಲದ
ನಿನ್ನ ಮಾವ


ಮೇ ೮

ಮಾವ,

ಹೆಡ್ ಮೇಡಂ ಟ್ರಂಕ್ ಕಳಿಸಿದ್ದಾರೆ. ಹೊಸದು, ನೀಲಿ ಬಣ್ಣ. ಮುಚ್ಚಳದ ಮೇಲೆ ಗಿರಗಿಟ್ಲೆಯ ಪೂರ್ತಿ ಹೆಸರು ಬರೆಸಿದ್ದಾರೆ, ಕೆಳಗೆ ಹಾಸ್ಟೆಲಿನ ನಂಬರು. ಅವರು ಕೆಟ್ಟವರಲ್ಲ ಮಾವ. ತಮ್ಮನ ಮಗಳ ಮೇಲೆ ಅವರಿಗೂ ಜೀವವಿದೆ.

ಗಿರಗಿಟ್ಲೆ ಅದರ ಸುತ್ತ ಒಂದು ಸುತ್ತು ಬಂದು, ಮುಚ್ಚಳದ ಮೇಲಿನ ತನ್ನ ಹೆಸರಿನ ಮೇಲೆ ಪುಸ್ತಕ ಇಟ್ಟು ಮುಚ್ಚಿದಳು.

ಇನ್ನು ಇಪ್ಪತ್ತಮೂರು ದಿನ.

ನಿಮ್ಮ
ಅಕ್ಕನ ಮಗಳು


ಮೇ ೧೬

ಮಗಳೇ,

ಟ್ರಂಕನ್ನು ತೆರೆಯಬೇಡ. ಒಂದು ಲಂಗವನ್ನೂ ಅದರೊಳಗೆ ಮಡಚಿಡಬೇಡ. ಈ ಪತ್ರ ಕೈಗೆ ಬಂದ ಕೂಡಲೇ ಜೊತೆಗಿಟ್ಟ ಕಾಗದದ ಮೇಲಿರುವ ನಂಬರಿಗೆ ಫೋನ್ ಮಾಡು.

ಮೊದಲ ಶಾಲೆಯನ್ನು ಬಿಟ್ಟು ಇನ್ನೂ ಐದನ್ನು ತೂಗಿದೆ. ಒಂದು ಶಾಲೆಯಲ್ಲಿ ಟೀಚರ್ ಜೀವಂತವಾಗಿದ್ದರು, ಆದರೆ ಒಂದು ಕ್ಲಾಸಿಗೆ ಇನ್ನೂರ ನಲವತ್ತು ಮಕ್ಕಳು. ನಾನು ತಪ್ಪು ಹೇಳಿದ್ದು ಜಾತ್ರೆಯಲ್ಲಿ ಕೆಮ್ಮಿದಷ್ಟೂ ಕೇಳಲಿಲ್ಲ. ಇನ್ನೊಂದು ಅಗ್ಗವೋ ಅಗ್ಗ, ತಿಂಗಳಿಗೆ ಮುನ್ನೂರು. ಸರ್ಟಿಫಿಕೇಟು ಯಾವ ಬೋರ್ಡಿನದು ಎಂದರೆ "ನಮ್ಮದೇ" ಎಂದರು. ಅದು ನಾನು ಮನೆಯಲ್ಲಿ ಕೂತು ನೋಟು ಬರೆದ ಹಾಗೆ. ಮೂರನೆಯದು ಚೆನ್ನಾಗಿಯೇ ಇತ್ತು, ತಪ್ಪನ್ನು ಹಿಡಿಯಿತು. ಆದರೆ ಅದರ ಫೀಸಿಗೆ ನಿನ್ನ ಕ್ರೇನನ್ನೇ ಮಾರಬೇಕು, ಅದು ಕಂಪನಿಯದು. ಉಳಿದ ಎರಡರ ವಿಷಯ ಬರೆಯುವಷ್ಟು ಶಾಯಿ ನನ್ನ ಹತ್ತಿರ ಇಲ್ಲ.

ಏಳನೆಯದರ ವಿಷಯ ಟೈಲರ್‌ಗೆ ಬಟ್ಟೆ ಹೊಲಿಯಲು ಕೊಟ್ಟ ನರ್ಸಮ್ಮ ಹೇಳಿದ್ದು. ಅವಳದು ಪಾಳಿ ಕೆಲಸ, ಮಗ ಅಲ್ಲೇ ಓದುತ್ತಾನೆ. ಸೂರ್ಯೋದಯವಿಲ್ಲ, ಸಂಗೀತವಿಲ್ಲ. ಪುಟ ತೆರೆದರೆ ಮೊದಲು ಬರುವುದು "ನಮ್ಮಲ್ಲಿ ಇಲ್ಲದ್ದು" ಎಂಬ ಪಟ್ಟಿ. ಮೈದಾನವಿಲ್ಲ, ಪ್ರಯೋಗಾಲಯವಿಲ್ಲ, ಮಗು ದಿನಕ್ಕೆ ಮೂರು ಗಂಟೆಯಾದರೂ ಹೊರಗೆ ಆಡುವ ಹಾಗೆ ನೀವೇ ನೋಡಿಕೊಳ್ಳಬೇಕು ಎಂದೆಲ್ಲ ಇದೆ. ತನ್ನ ಕೊರತೆಯನ್ನು ಬಾಗಿಲಲ್ಲೇ ನೇತುಹಾಕಿದ ಅಂಗಡಿಯನ್ನು ನಾನು ಇದುವರೆಗೆ ನೋಡಿರಲಿಲ್ಲ. ಆದರೂ ಬಿಡಲಿಲ್ಲ. ಕ್ಯಾಮೆರಾ ಮುಚ್ಚಿ, ದನಿ ಸಣ್ಣ ಮಾಡಿ, ಹತ್ತು ವರ್ಷದ ಹುಡುಗಿಯಾಗಿ ಕ್ಲಾಸಿನಲ್ಲಿ ಕೂತೆ. ಟೈಲರ್ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದ.

ಹನ್ನೊಂದು ಮಕ್ಕಳು, ಒಬ್ಬರು ಟೀಚರಮ್ಮ. ನನ್ನ ಸರದಿ ಬಂತು. "ಮುಕ್ಕಾಲು ಕಿಲೋಗಿಂತ ಏಳುನೂರು ಗ್ರಾಂ ಹೆಚ್ಚು ಟೀಚರ್" ಎಂದೆ.

"ಯಾಕೆ ಹಾಗನ್ನಿಸ್ತು?" ಎಂದರು.

ಇದುವರೆಗೆ ಆರು ಶಾಲೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ತಯಾರಿರಲಿಲ್ಲ. "ಏಳುನೂರು ದೊಡ್ಡ ನಂಬರಲ್ವಾ ಟೀಚರ್, ಅದರಲ್ಲೇನು ಅನುಮಾನ?" ಎಂದೆ.

ಅವರು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. ಆಮೇಲೆ, "ಸಾರ್, ಮಕ್ಕಳು ಇಷ್ಟು ಗಟ್ಟಿಯಾಗಿ ತಪ್ಪು ಹೇಳಲ್ಲ. ಅವರಿಗೆ ಒಂಚೂರು ಅನುಮಾನ ಇರುತ್ತೆ. ಹೀಗೆ ಹೇಳೋದು ದೊಡ್ಡವರು ಮಾತ್ರ. ಕ್ಯಾಮೆರಾ ಹಾಕಿ" ಎಂದರು.

ಹಾಕಿದೆ. ನನ್ನ ಮೀಸೆ ಕಂಡು ಹನ್ನೊಂದು ಮಕ್ಕಳೂ ಕುರ್ಚಿಯಿಂದ ಬೀಳುವ ಹಾಗೆ ನಕ್ಕವು. ನಾನು ವಿಷಯ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. "ಬಂದಿದ್ದೀರಲ್ಲ, ಆ ಬಟ್ಟು ತೋರಿಸಿ ಹತ್ತು ನಿಮಿಷ ಪಾಠ ಮಾಡಿ ಹೋಗಿ" ಎಂದರು. ಮಾಡಿದೆ. ಮಗಳೇ, ನನ್ನಂಥ ಮೇಷ್ಟ್ರು ಇನ್ನೊಬ್ಬ ಹುಟ್ಟಲಾರ.

ಫೀಸು ತಿಂಗಳಿಗೆ ಸಾವಿರದ ನೂರು. ತಿಂಗಳು ತಿಂಗಳಿಗೇ ಕಟ್ಟುವುದು, ಮುಂಗಡವಿಲ್ಲ, ಬೇಡವೆನಿಸಿದರೆ ಬಿಡಬಹುದು. ವರ್ಷದ ಕೊನೆಗೆ ಬೋರ್ಡಿನ ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿದು ಪರೀಕ್ಷೆ ಬರೆಯಬೇಕು. ಕಾಗದ ಕಳಿಸಿಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಬೋರ್ಡಿನ ಕಚೇರಿಗೆ ನಾನೇ ಹೋಗಿ ಗುಮಾಸ್ತನಿಂದ ಪುಸ್ತಕ ತೆಗೆಸಿ ಈ ಶಾಲೆಯ ಹೆಸರು ಇದೆಯೆಂದು ಕಣ್ಣಾರೆ ನೋಡಿ ಬಂದಿದ್ದೇನೆ. ಅವನ ಮೇಜಿನ ಮೇಲಿನ ಅಂಚೆ ತಕ್ಕಡಿ ಎರಡು ಗ್ರಾಂ ಹೆಚ್ಚು ತೋರಿಸುತ್ತಿತ್ತು, ಸರಿ ಮಾಡಿಕೊಟ್ಟೆ.

ಕಟ್ಟುವುದು ಬಿಡುವುದು ನಿನ್ನ ಕೈಯಲ್ಲಿ. ನಾನು ಒಂದು ಕಾಸೂ ಕಟ್ಟಿಲ್ಲ. ಈ ಸಲ ನಿಜವಾಗಿಯೂ.

ಹೇಳಿದ್ದನ್ನು ಮಾಡುವ
ನಿನ್ನ ಮಾವ


ಮೇ ೩೦

ಮಾವ,

ನಿನ್ನೆ ಹೆಡ್ ಮೇಡಂ ಜೀಪು ಮಾಡಿಕೊಂಡು ಮಗುವನ್ನು ಕರೆದೊಯ್ಯಲು ಬಂದರು. ನಾನು ಕ್ರೇನಿನ ಮೇಲಿದ್ದೆ. ಗಿರಗಿಟ್ಲೆ ಸ್ಟೋರಿನಲ್ಲಿ ಕ್ಲಾಸಿಗೆ ಕೂತಿದ್ದಳು, ಪ್ರಯೋಗಕ್ಕೆಂದು ಒಂದು ವಾರ ಕೂರಲು ಬಿಟ್ಟಿದ್ದಾರಲ್ಲ, ಅದರ ಕೊನೆಯ ದಿನ. ಮುಂದಿನದನ್ನು ಸ್ಟೋರ್ ಕೀಪರ್ ಹೇಳಿದ ಹಾಗೆ ಬರೆಯುತ್ತೇನೆ.

ಹೆಡ್ ಮೇಡಂ ಗ್ರೀಸಿನ ಡಬ್ಬಗಳನ್ನು ನೋಡಿ, "ಇದು ಕ್ಲಾಸ್ ರೂಮಾ?" ಎಂದರಂತೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಗಿರಗಿಟ್ಲೆಯ ಮುಖ ಸಣ್ಣಗಾಯಿತು. "ನೋಡಿದೆಯಾ ಮಗು, ಇಷ್ಟೇ ಇದರ ಹಣೆಬರಹ" ಎನ್ನುತ್ತಿದ್ದರು, ಶಾಲೆಗೆ ನಂಬರ್ ಕೊಟ್ಟಿದ್ದ ಸ್ಟೋರಿನ ಲ್ಯಾಂಡ್‌ಲೈನ್ ಫೋನ್ ಹೊಡೆದುಕೊಂಡಿತು. ಹೆಡ್ ಮೇಡಂ ತಾವೇ ಎತ್ತಿಕೊಂಡರು. ಆ ಕಡೆ ಟೀಚರ್.

"ನಿಮ್ಮ ಶಾಲೆಗೆ ಮೈದಾನ ಇದೆಯೇನ್ರೀ?"

"ಇಲ್ಲ ಮೇಡಂ."

"ಪ್ರಯೋಗಾಲಯ?"

"ಇಲ್ಲ."

"ಮತ್ತೇನಿದೆ ನಿಮ್ಮಲ್ಲಿ?"

"ಹನ್ನೆರಡು ಮಕ್ಕಳಿದ್ದಾರೆ. ಅದರಲ್ಲಿ ಒಬ್ಬಳು ಎರಡು ನಿಮಿಷದಿಂದ ಕಾಣ್ತಿಲ್ಲ. ಅವಳಿಗೆ ಫೋನ್ ಕೊಡ್ತೀರಾ?"

ಹೆಡ್ ಮೇಡಂ ಕೊಟ್ಟರಂತೆ. ಆಮೇಲೆ ಕ್ಲಾಸು ಮುಗಿಯುವವರೆಗೆ ಹಗ್ಗದ ಸುರುಳಿಯ ಮೇಲೆ ಕೂತು ಕೇಳಿದರಂತೆ. ಅಮ್ಮನ ಕ್ರೇನ್ ಅಷ್ಟು ಭಾರ ಎತ್ತಿದರೂ ಯಾಕೆ ಮಗುಚುವುದಿಲ್ಲ ಎಂದು ಗಿರಗಿಟ್ಲೆ ಫೋನಿನಲ್ಲೇ ವಿವರಿಸಿದಳಂತೆ. ಹಿಂದಿನ ತೋಳಿನ ಮೇಲೆ ಕಾಂಕ್ರೀಟ್ ತೂಕ ಕೂರಿಸಿರುತ್ತಾರೆ ಎಂದು. ಅದು ನಾನು ಹೇಳಿಕೊಟ್ಟದ್ದಲ್ಲ. ಯಾವಾಗಲೋ ಕೆಳಗೆ ನಿಂತು ನೋಡಿಕೊಂಡಿದ್ದಾಳೆ.

ನಾನು ಇಳಿದು ಬಂದಾಗ ಹೆಡ್ ಮೇಡಂ ನೀವು ಕಳಿಸಿದ ಬೋರ್ಡಿನ ಕಾಗದ ಹಿಡಿದು ಮೂರನೇ ಸಲ ಓದುತ್ತಿದ್ದರು. "ನಂಗೆ ಇದು ಒಪ್ಪಿಗೆ ಇಲ್ಲ" ಎಂದರು. "ಒಪ್ಪಿಗೆ ಕೇಳಲಿಲ್ಲ ಅತ್ತಿಗೆ. ಶಾಲೆ ತೋರಿಸಬೇಕು ಅಂದಿದ್ರಿ, ತೋರಿಸಿದ್ದೀನಿ. ಮಗು ನನ್ನ ಜೊತೆ ಇರ್ತಾಳೆ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಅವರು ಕಾಗದ ಮಡಚಿ ನನ್ನ ಕೈಗಿಟ್ಟು, "ಒಂದು ವರ್ಷ. ಪರೀಕ್ಷೆಯ ಅಂಕಪಟ್ಟಿ ನಾನೇ ನೋಡ್ತೀನಿ" ಎಂದು ಜೀಪು ಹತ್ತಿದರು. ಟ್ರಂಕ್ ವಾಪಸ್ ಒಯ್ಯಲಿಲ್ಲ. ಈಗ ಅದು ಗಿರಗಿಟ್ಲೆಯ ಮೇಜು.

ಇವತ್ತು ಮೊದಲ ತಿಂಗಳ ಫೀಸು ಕಟ್ಟಿದೆ.

ಮಾವ, ಇನ್ನೊಂದು ಮಾತು. ನೀವು ಸರಿಯಾಗಿ ಊಟ ಮಾಡುತ್ತಿದ್ದೀರಾ ಎಂದು ಕೇಳಲು ಟೈಲರ್ ಅಣ್ಣನಿಗೆ ಫೋನ್ ಮಾಡಿದ್ದೆ. ನಿಮ್ಮ ಅಂಗಡಿಯ ಕಪಾಟಿನಲ್ಲಿದ್ದ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಕಾಣುತ್ತಿಲ್ಲ ಎಂದರು. ಹೋದದ್ದು ಬರೀ ಐನೂರಾದರೆ ಆ ಪೆಟ್ಟಿಗೆ ಎಲ್ಲಿಗೆ ಹೋಯಿತು?

ನಿಮ್ಮ
ಅಕ್ಕನ ಮಗಳು


ಜುಲೈ ೯

ತಕ್ಕಡಿ ತಾತಾ,

ತಾತ ಅನ್ನಬೇಡ ಅಂತ ನೀನು ಬೈತೀಯ, ಆದರೂ ತಾತಾನೇ.

ನಮ್ಮ ಟೀಚರ್ ಒಂದು ಹೋಂವರ್ಕ್ ಕೊಟ್ಟಿದ್ದಾರೆ. ನಮ್ಮ ಮನೆಯ ದೊಡ್ಡವರು ಯಾರಾದರೂ ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು, ಅದರಿಂದ ಒಂದು ಲೆಕ್ಕವನ್ನೂ ಮಾಡಬೇಕು. ಎಲ್ಲರೂ ಮನೇಲಿ ಕೇಳಿದರೆ ಯಾರೂ ತಪ್ಪೇ ಮಾಡಿಲ್ಲವಂತೆ. ನನಗೆ ಮಾತ್ರ ನೀನಿದ್ದೀಯ.

ನಾನು "ನಮ್ಮ ತಾತ ಸುಮಾರು ಐನೂರು ಕಳೆದುಕೊಂಡರು" ಅಂತ ಬರೆದೆ. ಟೀಚರ್ ಅದರ ಕೆಳಗೆ ಗೆರೆ ಎಳೆದು ವಾಪಸ್ ಕಳಿಸಿದರು. "ಸುಮಾರು ಅಂದರೆ ಎಷ್ಟು? ಕೇಳಿ ಬರಿ" ಅಂತ ಬರೆದಿದ್ದಾರೆ. ಅಮ್ಮನನ್ನ ಕೇಳಿದೆ. ಅಮ್ಮ ನಿನ್ನ ಪತ್ರಗಳನ್ನೆಲ್ಲ ಕೊಟ್ಟಳು. ಒಂದರಲ್ಲಿ ಟೀ ಕಾಸು ಅಂತಿದೆ. ಇನ್ನೊಂದರಲ್ಲಿ ಐನೂರು. ಟೈಲರ್ ಮಾಮನಿಗೆ ಎರಡು ಸಾವಿರ ಅಂದಿದ್ದೀಯಂತೆ. ಒಂದೇ ವಸ್ತು ಮೂರು ತಕ್ಕಡಿಯಲ್ಲಿ ಮೂರು ತೂಕ ಬಂದರೆ ಏನು ಮಾಡಬೇಕು ಅಂತ ನೀನೇ ನಮ್ಮ ಕ್ಲಾಸಲ್ಲಿ ಹೇಳಿದ್ದೆಯಂತೆ. ನಾನು ಆವತ್ತು ಇರಲಿಲ್ಲ. ಏನು ಮಾಡಬೇಕು?

ಹೋಂವರ್ಕ್ ಕೊಡಬೇಕಾದ್ದು ಇಪ್ಪತ್ತೈದನೇ ತಾರೀಕು.

ಗಿರಗಿಟ್ಲೆ


ಜುಲೈ ೧೮

ಗಿರಗಿಟ್ಲೇ,

ಮೂರು ತಕ್ಕಡಿ ಮೂರು ತೂಕ ತೋರಿಸಿದರೆ ಮೂರನ್ನೂ ಬದಿಗಿಟ್ಟು, ಕೂದಲೆಳೆಯಷ್ಟೂ ತಪ್ಪದ ಮಾದರಿ ಬಟ್ಟುಗಳ ಪೆಟ್ಟಿಗೆ ತೆರೆಯಬೇಕು. ಹಿತ್ತಾಳೆಯವು, ಮಕಮಲ್ಲಿನ ಗುಳಿಯಲ್ಲಿ ಒಂದೊಂದಾಗಿ ಮಲಗಿರುತ್ತವೆ, ಕೈಯಿಂದ ಮುಟ್ಟಬಾರದು, ಚಿಮುಟದಲ್ಲಿ ಎತ್ತಬೇಕು. ನನಗೆ ಕೆಲಸ ಕಲಿಸಿದ ಯಜಮಾನರು ಸಾಯುವ ಮುಂಚೆ ನನ್ನ ಕೈಗಿಟ್ಟ ಪೆಟ್ಟಿಗೆ ಅದು. ಏಪ್ರಿಲ್ ಎರಡನೇ ತಾರೀಕು ಮಧ್ಯಾಹ್ನ, ಸಂಜೆ ಆರು ಗಂಟೆಯ ಅರ್ಧ ರೇಟು ತಪ್ಪಿಹೋಗಬಾರದೆಂದು, ಅದನ್ನು ಮಾರುಕಟ್ಟೆಯ ಆ ತುದಿಯ ತಕ್ಕಡಿಯವನಿಗೆ ಮಾರಿದೆ. ಈಗ ಬೇಕಾದಾಗ ಅವನಿಂದ ಬಾಡಿಗೆಗೆ ತರುತ್ತೇನೆ. ಅವನು ಪ್ರತಿ ಸಲವೂ "ಜೋಪಾನ" ಎನ್ನುತ್ತಾನೆ. ನನಗೆ!

ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳು. ಅವಳು ಕೇಳಿ ಒಂದೂವರೆ ತಿಂಗಳಾಯಿತು, ಉತ್ತರ ಬರೆಯಲು ಕೂತಾಗಲೆಲ್ಲ ಯಾವುದೋ ಗಿರಾಕಿ ಬಂದುಬಿಡುತ್ತಿದ್ದ.

ಯಾಕೆ ಕಟ್ಟಿದೆ ಎಂದು ನಿನ್ನ ಟೀಚರ್ ಕೇಳುತ್ತಾರೆ, ಅವರು ಕೇಳದೆ ಬಿಡುವವರಲ್ಲ. ಬರೆದುಕೋ. ಆ ಕೆನೆದನಿಯವಳು ನನ್ನನ್ನು ಎಷ್ಟು ಓದಿದ್ದೀರಿ ಎಂದು ಕೇಳಿದಳು. ಏಳನೇ ಕ್ಲಾಸು ಎಂದೆ. "ನಿಮ್ಮ ಅನುಭವದ ಮುಂದೆ ಯಾವ ಡಿಗ್ರಿ ಸಾರ್" ಎಂದಳು. ಇಷ್ಟು ವರ್ಷ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ ಮಾತನ್ನು ಮೊದಲ ಸಲ ಬೇರೆಯವರ ಬಾಯಲ್ಲಿ ಕೇಳಿದೆ. ಮೇಲೆ ಬರೆದದ್ದನ್ನು ಓದಿಬಿಟ್ಟೆ, ತೂಗಲಿಲ್ಲ. ಅಷ್ಟೇ ತಪ್ಪು.

ಅದಕ್ಕಾಗಿ ನಾನು ತಲೆ ತಗ್ಗಿಸುತ್ತೇನೆಂದು ತಿಳಿಯಬೇಡ. ಆ ಶಾಲೆಗೆ ಪ್ರತಿ ಸೋಮವಾರ ಒಂದು ದೂರಿನ ಪತ್ರ ಹಾಕುತ್ತಿದ್ದೇನೆ, ಗ್ರಾಹಕರ ನ್ಯಾಯಾಲಯಕ್ಕೂ ಬರೆದಿದ್ದೇನೆ. ಅವರು ಸುಸ್ತಾಗುವವರೆಗೆ ಬರೆಯುತ್ತೇನೆ, ನನ್ನ ಕೈ ಮೂವತ್ತೆಂಟು ವರ್ಷ ಕಬ್ಬಿಣ ಎತ್ತಿದ ಕೈ. ಅಂಗಡಿಯ ಮುಂದೆ ಒಂದು ಹಲಗೆಯನ್ನೂ ನೇತುಹಾಕಿದ್ದೇನೆ. "ಆನ್‌ಲೈನ್ ಶಾಲೆಗೆ ಇಷ್ಟು ಕಟ್ಟಿ ಕಳೆದುಕೊಂಡವನು ಒಳಗಿದ್ದಾನೆ. ಮಗುವಿಗೆ ಶಾಲೆ ಹುಡುಕುವವರು ದುಡ್ಡು ಕಟ್ಟುವ ಮೊದಲು ಬಂದು ಮಾತಾಡಿ. ಸಲಹೆ ಪುಕ್ಕಟೆ." ನಾಲ್ಕು ಜನ ಬಂದು ಹೋದರು. ನಾಲ್ವರೂ ಒಂದೇ ಮಾತು ಕೇಳಿದರು. "ಇಷ್ಟು ಅಂದ್ರೆ ಎಷ್ಟು ಸ್ವಾಮಿ?" ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ಈ ಪತ್ರದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಭಾರವಾಗಿದೆ, ಕಾಲಿನ ಮೇಲೆ ಬೀಳಿಸಿಕೊಳ್ಳಬೇಡ, ನಿನ್ನ ಅಮ್ಮನ ಹಾಗೆ. ಕಳ್ಳ ಬಟ್ಟು. ಅದನ್ನು ಯಾರೂ ಕೊಳ್ಳಲಿಲ್ಲ. ನಿನ್ನ ನೀಲಿ ಟ್ರಂಕಿನ ಮೇಲೆ ಕಾಗದ ಹಾರದ ಹಾಗೆ ಇಟ್ಟುಕೋ. ಯಾರಾದರೂ ನಿನ್ನನ್ನು ತುಂಬ ಹೊಗಳಿದಾಗ ಒಂದು ಸಲ ಎತ್ತಿ ನೋಡು. ಹೆಡ್ ಮೇಡಂ ಬಂದಾಗ ಅವಳಿಗೂ ತೋರಿಸು, ಮಾರ್ಚ್‌ನಲ್ಲಿ ನಿನ್ನ ಅಂಕಪಟ್ಟಿ ಅವಳ ಮುಖಕ್ಕೆ ಹಿಡಿಯಲು ನಾನೇ ಬರುತ್ತೇನೆ ಎಂದು ಹೇಳು.

ತಾತ ಅನ್ನಬೇಡ ಎಂದು ಇನ್ನೊಂದು ಸಲ ಹೇಳುತ್ತಿರುವ,
ತಕ್ಕಡಿಯವನು

ಗೊತ್ತು, ಗೊತ್ತು. ನೀನು ಪತ್ರ ತಿರುಗಿಸಿ ಹಿಂದೆ ಹುಡುಕುತ್ತಿದ್ದೀಯ. ಸೀಮೆಸುಣ್ಣ ಕೈಯಲ್ಲೇ ಇದೆ, ಹಲಗೆಯ ಮೇಲೆ ಈಗಷ್ಟೇ ಬರೆದು ಬಂದೆ, ಟೈಲರ್ ಓದಿ ಹೊಲಿಗೆ ಯಂತ್ರದ ಮೇಲೆ ಕೂತುಬಿಟ್ಟ. ನೀನೂ ಬರೆದುಕೋ, ಕ್ಲಾಸಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದು. ಲೆಕ್ಕವನ್ನೂ ಮಾಡಿಟ್ಟಿದ್ದೇನೆ: ಅದರಲ್ಲಿ ನಿನ್ನ ಶಾಲೆ ಎರಡು ವರ್ಷ ಒಂದು ತಿಂಗಳು ನಡೆಯುತ್ತಿತ್ತು, ಮೇಲೆ ನೂರ ನಲವತ್ತು ಉಳಿಯುತ್ತಿತ್ತು. ಸುಮಾರು ಅಲ್ಲ, ಸರಿಯಾಗಿ.

ಇಪ್ಪತ್ತೇಳು ಸಾವಿರದ ಆರುನೂರ ನಲವತ್ತು.